ಒಂದೇ ಗೆರೆ

"ಇನ್ನೊಂಚೂರು ವಾರೆ ಮಾಡಿ. ಇನ್ನೊಂಚೂರು... ಅಯ್ಯೋ, ಗೋಡೆ ಗೋಡೆ!"

ಖಾಲಿ ಶವಪೆಟ್ಟಿಗೆ ಅಂಗಡಿಯ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಹೊರಗಿನಿಂದ ಬಡಗಿ ತಳ್ಳುತ್ತಿದ್ದ, ಒಳಗಿನಿಂದ ತೀರಿಕೊಂಡವರ ಮಗಳು ಎಳೆಯುತ್ತಿದ್ದಳು. ತಕ್ಕಡಿ ರಿಪೇರಿಯ ಮೇಜಿನ ಹಿಂದಿನ ಕೋಣೆಯಲ್ಲಿ ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮಲಗಿದ್ದರು. ಎಂಬತ್ತನಾಲ್ಕು ವರ್ಷದಲ್ಲಿ ಅವರು ಯಾವುದಕ್ಕಾದರೂ ಇಷ್ಟು ಹೊತ್ತು ತಕರಾರಿಲ್ಲದೆ ಕಾದದ್ದು ಇದೇ ಮೊದಲು.

"ಬಾಗಿಲಿನ ಅಳತೆ ತಗೊಂಡೇ ಮಾಡಿದ್ದು" ಎಂದ ಬಡಗಿ, ಬೆವರು ಒರೆಸಿಕೊಳ್ಳುತ್ತ.

"ಚೌಕಟ್ಟಿನ ಅಳತೆನೋ, ಬಾಗಿಲು ತೆರೆದಾಗ ಉಳಿಯೋ ಜಾಗದ ಅಳತೆನೋ?"

ಬಡಗಿ ತನ್ನ ಟೇಪನ್ನೇ ನೋಡಿದ.

"ಅಪ್ಪ ಇದ್ದಿದ್ರೆ ಆ ಟೇಪ್ ಕಿತ್ಕೊಂಡು ಬಿಸಾಕ್ತಿದ್ರು."

"ಅವರಿದ್ದಿದ್ರೆ ಪೆಟ್ಟಿಗೆ ಯಾಕಮ್ಮ ಬೇಕಿತ್ತು?" ಎಂದಳು ಮೆಟ್ಟಿಲ ಬಳಿ ನಿಂತಿದ್ದ ತರಕಾರಿಯಾಕೆ. ಎಲ್ಲರೂ ನಕ್ಕರು. ಎರಡು ದಿನದಲ್ಲಿ ಮೊದಲ ಬಾರಿಗೆ ಮಗಳೂ ನಕ್ಕಳು. ಮೇಜಿನ ಮೇಲಿದ್ದ ಸ್ಕ್ರೂಡ್ರೈವರ್ ತಂದು ಬಾಗಿಲ ಕೀಲುಗಳನ್ನು ಬಿಚ್ಚಿದಳು. ಬಾಗಿಲು ಗೋಡೆಗೊರಗಿದ ಮೇಲೆ ಪೆಟ್ಟಿಗೆ ಸಲೀಸಾಗಿ ಒಳಗೆ ಬಂತು.

ಅದರ ಹಿಂದೆಯೇ ಫಾದರ್ ಬಂದರು. ಈ ಚರ್ಚಿಗೆ ಬಂದು ಎಂಟು ತಿಂಗಳಾಗಿತ್ತಷ್ಟೆ. ಚಿಕ್ಕ ವಯಸ್ಸು, ಕೈಯಲ್ಲಿ ಸದಾ ಒಂದು ನೋಟ್ ಪುಸ್ತಕ.

"ನಿಮ್ಮಪ್ಪನ ಸಂತ ಪದವಿಯ ಅರ್ಜಿಗೆ ಇನ್ನೂ ಐದು ವರ್ಷ ಕಾಯ್ಬೇಕು. ಆದ್ರೆ ಸಾಕ್ಷಿಗಳನ್ನ ಈಗ್ಲೇ ಬರೆದಿಟ್ಕೋಬೇಕು" ಎಂದು ಅವರು ಮೆಲ್ಲಗೆ ಹೇಳಿದರು. "ದೇವರ ಆಜ್ಞೆಗಾಗಿ ಯುದ್ಧಕ್ಕೆ ಹೋಗದೆ ಜೈಲಿಗೆ ಹೋದವರು. ಇಂಥವರು ನಮ್ಮ ಸಭೆಯಲ್ಲಿ ಎಷ್ಟು ಜನ ಇದ್ದಾರೆ ಹೇಳಿ. ನೀವೇನಾದ್ರೂ ಹೇಳ್ತೀರಾ?" ಎಂದು ತರಕಾರಿಯಾಕೆಯ ಕಡೆ ತಿರುಗಿದರು.

"ಹೇಳ್ದೆ ಏನು! ನನ್ನ ತಕ್ಕಡೀನ ಮೂರು ಸಲ ವಾಪಸ್ ಕಳಿಸಿದ್ರು. ಮೂರು ಗ್ರಾಂ ನನ್ನ ಕಡೆಗೆ ವಾಲುತ್ತೆ ಅಂತ. ಮೂರು ಗ್ರಾಂ, ಫಾದರ್! ಒಂದು ಹಸಿಮೆಣಸಿನಕಾಯಿ. ಸುಮ್ನೆ ಅವರಿಗೆ ಮಿಲಿಗ್ರಾಂ ಅಂತ ಅಡ್ಡಹೆಸರಿಟ್ವಾ ನಾವು? ಬರ್ಕೊಳ್ಳಿ ಅದನ್ನ."

ಫಾದರ್ ಬರೆದುಕೊಳ್ಳಬೇಕೋ ಬೇಡವೋ ತಿಳಿಯದೆ ಪೆನ್ನು ಹಿಡಿದು ನಿಂತರು.

"ಮತ್ತೆ ಆ ತಕ್ಕಡಿ?" ಎಂದು ಕೇಳಿದರು.

"ಈಗ ಅದರ ಮೇಲೆ ಯಾರೂ ಜಗಳ ತೆಗೆಯಲ್ಲ. ಇಡೀ ಬೀದೀಲಿ ನನ್ನ ಹತ್ರ ಚೌಕಾಸಿ ಮಾಡ್ತಾರೆ, ತೂಕಕ್ಕೆ ಮಾತ್ರ ಎದುರು ಮಾತಾಡಲ್ಲ."

ಇದನ್ನು ಫಾದರ್ ಬರೆದುಕೊಂಡರು.

*

ಅರವತ್ತೊಂದು ವರ್ಷದ ಹಿಂದೆ ಸೇನಾ ಭರ್ತಿ ಕಚೇರಿಯ ಮುಂದಿನ ಸಾಲಿನಲ್ಲಿ ಅಪ್ಪ ಮತ್ತು ಅವರ ತಮ್ಮ ಎರಡು ತಾಸು ನಿಂತಿದ್ದರು. ಕರೆ ಬಂದದ್ದು ಇಪ್ಪತ್ಮೂರರ ಅಣ್ಣನಿಗೆ. ಅವನು ಆಗ ತೂಕ-ಅಳತೆ ಕಚೇರಿಯಲ್ಲಿ ತಕ್ಕಡಿಗಳಿಗೆ ಮುದ್ರೆ ಒತ್ತುವ ಕೆಲಸ ಕಲಿಯುತ್ತಿದ್ದ. ಇಪ್ಪತ್ತರ ತಮ್ಮ ಜೊತೆಗೆ ಬಂದಿದ್ದ. ಅವನ ಕರೆ ಮುಂದಿನ ವಾರಕ್ಕಿತ್ತು.

ಅಧಿಕಾರಿ ತಲೆಯೆತ್ತದೆ, "ಸಹಿ ಹಾಕು" ಎಂದ.

"ನಾನು ಬರಲ್ಲ ಸರ್. ಅದನ್ನ ಹೇಳೋಕೆ ಬಂದೆ."

ಅಧಿಕಾರಿ ತಲೆಯೆತ್ತಿದ. "ಬರಲ್ಲ ಅಂತ ಹೇಳೋಕೆ ಎರಡು ತಾಸು ಸಾಲಲ್ಲಿ ನಿಂತಿದ್ಯಾ?"

"ಸಾಲಿತ್ತಲ್ಲ ಸರ್."

"ಭಯಾನಾ?"

"ಭಯ ಇದೆ. ಆದ್ರೆ ಅದು ಕಾರಣ ಅಲ್ಲ. ಕೊಲ್ಲಬಾರದು ಅನ್ನೋ ಆಜ್ಞೆ ಇದೆ."

"ನಿಮ್ಮ ಪಾದ್ರಿಗಳೇ ಆಶೀರ್ವಾದ ಮಾಡಿ ಹುಡುಗರನ್ನ ಕಳಿಸ್ತಿದ್ದಾರಲ್ಲಯ್ಯ."

"ಗೊತ್ತು ಸರ್. ತಕ್ಕಡಿ ಇಷ್ಟರಮಟ್ಟಿಗೆ ಹೆಚ್ಚುಕಮ್ಮಿ ಆದ್ರೆ ಪರವಾಗಿಲ್ಲ ಅಂತ ನಮ್ಮ ಕಚೇರಿ ಪುಸ್ತಕದಲ್ಲಿ ಬರೆದಿರುತ್ತೆ. ಆ ಆಜ್ಞೆಗೆ ಅಂಥದ್ದು ಯಾವ ಪುಟದಲ್ಲಿದೆ ತೋರ್ಸಿ ಅಂತ ಪಾದ್ರಿಗಳನ್ನ ಕೇಳ್ದೆ. ಬೈದು ಕಳಿಸಿದ್ರು."

ಅಧಿಕಾರಿ ಕೆಟ್ಟವನಲ್ಲ. ಕುರ್ಚಿಗೊರಗಿ ಯೋಚಿಸಿದ. "ನೀನು ಬಂದೂಕು ಮುಟ್ಟೋದು ಬೇಡ. ಗೋದಾಮಲ್ಲಿ ಕೂತು ತೂಕ ನೋಡ್ಕೋ. ನಿನ್ನದೇ ಕೆಲಸ."

"ಏನು ತೂಕ ಸರ್?"

"ಸಿಡಿಮದ್ದು."

"ಹಾಗಾದ್ರೆ ಬೇಡ ಸರ್."

ಇಬ್ಬರು ಪೊಲೀಸರು ಒಳಗೆ ಬಂದರು. ಬಾಗಿಲ ಬಳಿ ನಿಂತಿದ್ದ ತಮ್ಮ ಅಣ್ಣನ ಮುಖವನ್ನೇ ನೋಡುತ್ತಿದ್ದ.

ಮುಂದಿನ ಭಾನುವಾರ ಹಳೆಯ ಪಾದ್ರಿ ಚರ್ಚಿನ ಕುಟುಂಬ ದಾಖಲೆಯ ಪುಸ್ತಕ ತೆರೆದು, ಅಣ್ಣನ ಹೆಸರಿನ ಎದುರು ಷರಾ ಬರೆಯುವ ಜಾಗದಲ್ಲಿ ಪೆನ್ನು ಊರಿದರು. "ಓಡಿಹೋದ. ಅಲ್ಲವಾ?" ಎಂದು ಕೇಳಿದರು. ಅದನ್ನು ಬರೆದು ಅವರು ಚಾಚಿದ ಪೆನ್ನನ್ನು ತಮ್ಮ ತೆಗೆದುಕೊಂಡ. ಸಾಕ್ಷಿಯ ಜಾಗದಲ್ಲಿ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಸಹಿ ಹಾಕಿದ.

ಅಣ್ಣ ಮೂರು ವರ್ಷ ಜೈಲಿನಲ್ಲಿದ್ದ. ಬಿಡುಗಡೆಯಾಗಿ ಬಂದ ಮೇಲೂ ಪಾದ್ರಿ ಐದು ವರ್ಷ ಅವನಿಗೆ ಪರಮಪ್ರಸಾದ ಕೊಡದೆ ಮುಂದಿನವರಿಗೆ ದಾಟುತ್ತಿದ್ದರು. ಕಚೇರಿ ಅವನನ್ನು ವಾಪಸ್ ಕರೆಯಲಿಲ್ಲ. ಅವನು ತಕ್ಕಡಿ ರಿಪೇರಿಯ ಅಂಗಡಿ ಇಟ್ಟ. ತಮ್ಮನೋ, ಬಲಗೈಯ ಹೆಬ್ಬೆರಳು, ತೋರುಬೆರಳುಗಳನ್ನು ಕಳೆದುಕೊಂಡು, ಒಂದು ಪದಕದೊಂದಿಗೆ ಯುದ್ಧದಿಂದ ಬಂದ. ಒಂದೇ ಬೀದಿಯ ಎರಡು ತುದಿಗಳಲ್ಲಿ ಅವರು ಸಂಸಾರ ಹೂಡಿದರು. ಚರ್ಚಿನಲ್ಲಿ ಅಣ್ಣ ಬಲಕ್ಕೆ ಕೂತರೆ ತಮ್ಮ ಎಡಕ್ಕೆ.

*

ಪೂಜೆಗೆ ಒಂದು ತಾಸು ಮೊದಲು ಫಾದರ್ ತಮ್ಮ ಆಫೀಸಿನಲ್ಲಿ ಆ ಪುಸ್ತಕ ತೆರೆದು ಮಗಳ ಮುಂದಿಟ್ಟರು. ಜನನ, ಜ್ಞಾನಸ್ನಾನ, ಮದುವೆ, ಷರಾ, ಮರಣ. ಮರಣದ ಕಲಂ ಮಾತ್ರ ಖಾಲಿ.

"ಸಮಾಧಿ ಆದ್ಮೇಲೆ ಇದನ್ನ ತುಂಬ್ತೀನಿ. ತುಂಬಿದ ಮೇಲೆ ಈ ಸಾಲಲ್ಲಿ ಯಾರೂ ಏನೂ ತಿದ್ದೋ ಹಾಗಿಲ್ಲ, ಬಿಷಪ್ಪರೂ ತಿದ್ದೋ ಹಾಗಿಲ್ಲ."

"ಹಾಗಾದ್ರೆ ಇವತ್ತೇ ತಿದ್ದಬೇಕು" ಎಂದಳು ಮಗಳು.

"ಅದಕ್ಕೇ ಕರೆದೆ. ಸಂತ ಪದವಿಯ ವಿಚಾರಣೆ ಮಾಡೋರು ಮೊದಲು ತೆಗೆಯೋದೇ ಈ ಪುಟ. ಓಡಿಹೋದ ಅಂತ ಇದ್ರೆ ಅಲ್ಲಿಗೇ ಮುಗೀತು. ಆದ್ರೆ ತಿದ್ದೋಕೆ, ಆಗ ಸಹಿ ಹಾಕಿದ ಸಾಕ್ಷಿಯೇ ಮತ್ತೆ ಸಹಿ ಹಾಕ್ಬೇಕು."

"ಚಿಕ್ಕಪ್ಪ."

"ಅವರು ಹಾಕ್ತಾರಾ?"

ಅವಳು ಚಿಕ್ಕಪ್ಪನ ಸಹಿಯ ಮೇಲೆ ಕಣ್ಣಾಡಿಸಿದಳು. ಫಾದರ್ ಪುಟದ ಅಂಚನ್ನು ಬೆರಳಿನಿಂದ ಮುಟ್ಟಿದರು. ಹುಳು ಕೊರೆದಿತ್ತು.

"ಇನ್ನೊಂದು ದಾರಿ ಇದೆ. ಹಾಳಾದ ಪುಟಗಳನ್ನ ಹೊಸ ಪುಸ್ತಕಕ್ಕೆ ನಕಲು ಮಾಡೋ ಅಧಿಕಾರ ನನಗಿದೆ. ನಕಲು ಮಾಡುವಾಗ ಒಂದು ಪದ..." ಅವರ ಕಿವಿ ಕೆಂಪಾಗಿತ್ತು.

ಮಗಳು ಆ ಪದವನ್ನು ಬಹಳ ಹೊತ್ತು ನೋಡಿದಳು. ನಾಲ್ಕೇ ಅಕ್ಷರ. ಅದಿಲ್ಲದ ಪುಟ ಎಷ್ಟು ಸ್ವಚ್ಛವಾಗಿರುತ್ತದೆಂದು ಅವಳಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಆಸೆಯಾಯಿತು ಎಂಬುದನ್ನು ಅವಳು ತನ್ನಿಂದಲೇ ಬಚ್ಚಿಡಲಿಲ್ಲ.

*

ಆಗ ಅವಳಿಗೆ ಹತ್ತು ವರ್ಷ. ಅಪ್ಪ ತೂಕದ ಬಟ್ಟುಗಳನ್ನು ಒಂದೊಂದಾಗಿ ತಟ್ಟೆಗಿಟ್ಟು ಮುಳ್ಳು ನಿಂತ ಜಾಗ ಹೇಳುತ್ತಿದ್ದರು, ಅವಳು ಬರೆದುಕೊಳ್ಳುತ್ತಿದ್ದಳು. ಒಂದು ಅಂಕಿ ತಪ್ಪಿತು. ರಬ್ಬರಿನಿಂದ ಉಜ್ಜಿದಳು.

ಅಪ್ಪ ರಬ್ಬರನ್ನು ತೆಗೆದುಕೊಂಡು ಕಿಟಕಿಯಾಚೆ ಎಸೆದರು.

"ಉಜ್ಜಬೇಡ. ಅಡ್ಡಕ್ಕೆ ಒಂದೇ ಒಂದು ಗೆರೆ ಎಳಿ, ಕೆಳಗಿರೋದು ಓದೋಕೆ ಬರಬೇಕು. ಪಕ್ಕದಲ್ಲಿ ಸರಿಯಾದ್ದು ಬರಿ. ಸಹಿ ಹಾಕು."

"ತಪ್ಪು ಎಲ್ಲರಿಗೂ ಕಾಣುತ್ತಲ್ಲಪ್ಪ."

"ಕಾಣಬೇಕು. ತಪ್ಪೇ ಕಾಣದಿರೋ ಪುಸ್ತಕವನ್ನ ನಾನು ನಂಬಲ್ಲ. ಯಾರೋ ಉಜ್ಜಿರ್ತಾರೆ."

ಅವಳು ಗೆರೆ ಎಳೆದಳು. ತಲೆಯೆತ್ತದೆಯೇ ಹೇಳಿದಳು: "ಸ್ಕೂಲಲ್ಲಿ ನನ್ನನ್ನ ಹೇಡಿಯ ಮಗಳು ಅಂದ್ರು."

"ಹ್ಞೂಂ. ಅದು ಅವರ ಅಭಿಪ್ರಾಯ. ಅದನ್ನ ತೂಗೋಕೆ ತಕ್ಕಡಿ ಇಲ್ಲ, ಬಿಡು."

"ಓಡಿಹೋದವನ ಮಗಳು ಅಂತಾನೂ ಅಂದ್ರು."

ಅಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆ ಮುಖವನ್ನು ಅವಳು ಅದಕ್ಕೂ ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

"ಅದು ಅಭಿಪ್ರಾಯ ಅಲ್ಲ ಮಗಳೇ. ತಪ್ಪು ಲೆಕ್ಕ. ನಾನು ನಡ್ಕೊಂಡು ಹೋಗಿದ್ದೆ."

"ಹಾಗಾದ್ರೆ ಚಿಕ್ಕಪ್ಪನಿಗೆ ಹೇಳಿ, ತಿದ್ದಲಿ."

"ಮುಳ್ಳು ಓದಿದವನು ಅವನು. ಇನ್ನೊಂದು ಸಲ ನೋಡ್ಬೇಕು ಅಂತ ಅವನಿಗೇ ಅನ್ನಿಸ್ಬೇಕು" ಎಂದು ಅಪ್ಪ ಮುಂದಿನ ಬಟ್ಟನ್ನು ಚಿಮಟದಿಂದ ಎತ್ತಿಕೊಂಡರು.

*

"ನಕಲು ಬೇಡ ಫಾದರ್" ಎಂದಳು ಮಗಳು. "ತಿದ್ದೋಕಾದ್ರೆ ಈ ಪುಟದಲ್ಲೇ. ಇಲ್ಲಾಂದ್ರೆ ಹಾಗೇ ಇರ್ಲಿ."

ಪೂಜೆ ಮುಗಿಯಿತು. ಚಿಕ್ಕಪ್ಪ ಬಂದಿದ್ದರು. ಕೋಟಿನ ಮೇಲೆ ಪದಕ ಚುಚ್ಚಿಕೊಂಡು, ಎಡಗಡೆಯ ತಮ್ಮ ಹಳೆಯ ಜಾಗದಲ್ಲಿ ಬೆನ್ನು ಸೆಟೆಸಿ ಕೂತಿದ್ದರು.

ಪೆಟ್ಟಿಗೆ ಹೊತ್ತವರು ಮಾರುಕಟ್ಟೆಯ ಬೀದಿಗೆ ತಿರುಗಿದಾಗ ತರಕಾರಿಯಾಕೆ ತೂಗುತ್ತಿದ್ದ ಈರುಳ್ಳಿಯನ್ನು ತಟ್ಟೆಯಿಂದ ಸುರಿದು ಎದ್ದು ನಿಂತಳು. ಅವಳಿಗೆ ಬೇರೇನು ಮಾಡಬೇಕೋ ತೋಚಲಿಲ್ಲ. ಪಕ್ಕದ ಮೀನಿನವನು ಅವಳನ್ನು ನೋಡಿ ತನ್ನ ತಟ್ಟೆ ಖಾಲಿ ಮಾಡಿದ. ಅವನ ಮುಂದಿನ ದಿನಸಿಯವನು, ಅವನಾಚೆಯ ಅಕ್ಕಸಾಲಿ, ಮೊಳೆ ಮಾರುವವನು. ಮಾತಿಲ್ಲ, ಸನ್ನೆಯಿಲ್ಲ. ಪೆಟ್ಟಿಗೆ ಸಾಗಿದಷ್ಟು ದೂರವೂ ಬೀದಿಯ ಎರಡೂ ಬದಿಗಳಲ್ಲಿ ತಕ್ಕಡಿಗಳ ಮುಳ್ಳುಗಳೆಲ್ಲ ಸೊನ್ನೆಯಲ್ಲಿ ನಿಂತಿದ್ದವು. ಮಗಳು ಅಭ್ಯಾಸಬಲದಿಂದ ಒಂದೊಂದನ್ನೂ ನೋಡುತ್ತ ನಡೆದಳು. ಒಂದೂ ತಪ್ಪಿರಲಿಲ್ಲ. ಅವಳ ತಲೆ ತಾನಾಗಿ ಎತ್ತರಕ್ಕೆ ನಿಂತಿತು.

ಮಣ್ಣು ಹಾಕಿದ ಮೇಲೆ ಜನ ಕರಗಿದರು. ಚಿಕ್ಕಪ್ಪ ಸ್ಮಶಾನದ ಗೇಟಿನ ಬಳಿ ಎಡಗೈಯ ಮಣ್ಣನ್ನು ಕರವಸ್ತ್ರದಿಂದ ಒರೆಸಿಕೊಳ್ಳುತ್ತಿದ್ದರು. ಮಗಳು ಅವರ ಮುಂದೆ ಹೋಗಿ ನಿಂತಳು. ಫಾದರ್ ನಾಲ್ಕು ಹೆಜ್ಜೆ ಹಿಂದೆ ನಿಂತರು.

"ನಿಮ್ಮಪ್ಪನ್ನ ಸಂತ ಮಾಡ್ತಾರಂತೆ" ಎಂದರು ಚಿಕ್ಕಪ್ಪ. "ಚಿಕ್ಕಂದಿನಲ್ಲಿ ನನ್ನ ಹಾಸಿಗೇಲಿ ಕಪ್ಪೆ ಬಿಟ್ಟವನನ್ನ."

"ಫಾದರ್ ಹಾಗಂತಾರೆ."

"ಆ ಗೋಡೆ ಪಕ್ಕ ನೋಡು. ನನ್ನ ಜೊತೆ ಹೋದವರು, ಹನ್ನೊಂದು ಜನ. ಅವರ ಬಗ್ಗೆ ಯಾರೂ ನೋಟ್ ಪುಸ್ತಕ ಹಿಡ್ಕೊಂಡು ಬರಲಿಲ್ಲ. ಅವನು ಸಂತ ಅಂತ ನಾನು ಸಹಿ ಹಾಕಲ್ಲ. ಅವನು ಮಾಡಿದ್ದು ಸರಿ ಅಂತಾನೂ ಹಾಕಲ್ಲ."

"ಹಾಕ್ಬೇಡಿ. ನಾನು ಅದನ್ನ ಕೇಳೋಕೆ ಬಂದಿಲ್ಲ ಚಿಕ್ಕಪ್ಪ. ಒಂದೇ ವಿಷಯ ಹೇಳಿ. ಆ ದಿನ ಅಪ್ಪ ಓಡಿದ್ರಾ?"

ಚಿಕ್ಕಪ್ಪನ ಕೈಯಲ್ಲಿನ ಕರವಸ್ತ್ರ ನಿಂತಿತು.

"ಓಡೋದಾ?" ಅವರ ದನಿ ಏರಿತು. "ನಿಮ್ಮಪ್ಪನಾ? ಅವನು ಯಾವತ್ತಾದ್ರೂ ಯಾವುದಕ್ಕಾದ್ರೂ ಅವಸರ ಮಾಡಿದ್ದು ನೀನು ನೋಡಿದ್ಯಾ? ಎರಡೂ ರಟ್ಟೆಗೆ ಒಬ್ಬೊಬ್ಬ ಪೊಲೀಸು. ರಸ್ತೆ ದಾಟುವಾಗ, ಲಾರಿ ಬರ್ತಿದೆ ನಿಂತ್ಕೊಳ್ಳಿ ಅಂತ ಅವರಿಗೇ ಹೇಳ್ತಾನೆ! ಅವರು ನಿಂತ್ರು ಕಣೇ. ಲಾರಿ ಹೋದ್ಮೇಲೆ ಆರಾಮಾಗಿ ನಡ್ಕೊಂಡು ಹೋದ, ಪೂಜೆ ಮುಗಿಸಿ ಮನೆಗೆ ಹೊರಟವನ ಹಾಗೆ. ಬೀದಿಗೆ ಬೀದಿಯೇ ನೋಡ್ತಿತ್ತು. ತಲೆ ತಗ್ಗಿಸಲಿಲ್ಲ." ಅವರು ಉಸಿರು ತೆಗೆದುಕೊಂಡರು. ಹೇಳುತ್ತ ಹೇಳುತ್ತ ತಮ್ಮ ಎದೆಯೂ ಉಬ್ಬಿದೆಯೆಂದು ಅವರಿಗೆ ಗೊತ್ತಾಗಿರಲಿಲ್ಲ. "ತಿರುಗಿ ನನ್ನ ಕಡೆ ನೋಡಿ, ಅಮ್ಮನಿಗೆ ಊಟಕ್ಕೆ ಕಾಯ್ಬೇಡ ಅನ್ನು ಅಂದ. ನಾನು..."

ಚಿಕ್ಕಪ್ಪ ಗೇಟಿನ ಸರಳು ಹಿಡಿದುಕೊಂಡರು.

"ನಾನು ಓಡ್ದೆ. ನನ್ನನ್ನೂ ಹಿಡೀತಾರೆ ಅಂತ. ಮನೆ ಮುಟ್ಟೋವರೆಗೂ ಓಡ್ದೆ, ಒಂದು ಚಪ್ಪಲಿ ಎಲ್ಲೋ ಬಿತ್ತು. ಆ ದಿನ ಆ ಬೀದೀಲಿ ಓಡಿದವನು ನಾನೊಬ್ಬನೇ."

ಗೇಟಿನ ಮೇಲೆ ಒಂದು ಗುಬ್ಬಿ ಕೂತು ಹಾರಿಹೋಯಿತು. ಚಿಕ್ಕಪ್ಪ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟರು.

"ಎಲ್ಲಿದೆ ಆ ಪುಸ್ತಕ?" ಎಂದರು.

ಆಫೀಸಿನಲ್ಲಿ ಫಾದರ್ ಕುರ್ಚಿ ಎಳೆದುಕೊಟ್ಟರು. ಚಿಕ್ಕಪ್ಪ ಕೂರಲಿಲ್ಲ. ಪುಟದ ಮೇಲೆ ಬಾಗಿ, ತಮ್ಮದೇ ಇಪ್ಪತ್ತರ ವಯಸ್ಸಿನ ಸಹಿಯನ್ನು ಪರಿಚಯವಿಲ್ಲದವರನ್ನು ನೋಡುವಂತೆ ನೋಡಿದರು. ಎಡಗೈಗೆ ಪೆನ್ನು ತೆಗೆದುಕೊಂಡರು. ಫಾದರ್ ಸ್ಕೇಲ್ ಮುಂದೆ ಮಾಡಿದರು. ಅವರು ಅದನ್ನು ಪಕ್ಕಕ್ಕೆ ಸರಿಸಿದರು.

"ಒಂದೇ ಗೆರೆ ತಾನೆ?"

"ನಿಮಗೆ ಹೇಗೆ ಗೊತ್ತು ಚಿಕ್ಕಪ್ಪ?"

"ನನ್ನ ಕಾಪಿ ಪುಸ್ತಕಕ್ಕೂ ಇದೇ ಕಾಟ ಇತ್ತಮ್ಮ ಅವನದು. ನನ್ನ ಎಷ್ಟು ರಬ್ಬರ್ ಎಸೆದಿದ್ದಾನೋ."

ಗೆರೆ ಎಳೆದರು. ಪಕ್ಕದಲ್ಲಿ ನಿಧಾನವಾಗಿ ಬರೆದರು. ಸಹಿ ಹಾಕಿದರು. ಫಾದರ್ ಎರಡೂ ಸಹಿಗಳನ್ನು ನೋಡಿ ಹಿಂಜರಿದರು.

"ಇವೆರಡೂ ಒಂದಕ್ಕೊಂದು ಹೋಲ್ತಾ ಇಲ್ಲ. ಮುಂದೆ ಯಾರಾದ್ರೂ ಕೇಳಿದ್ರೆ..."

"ಹೋಲಲ್ಲ" ಎಂದರು ಚಿಕ್ಕಪ್ಪ. "ಅದು ಯುದ್ಧಕ್ಕೆ ಮುಂಚಿನ ಕೈ. ಇದು ಆಮೇಲಿನದು. ಹಾಗಂತ ಬರ್ಕೊಳ್ಳಿ."

ಮಗಳು ಮಸಿ ಒಣಗಲೆಂದು ಪುಟದ ಮೇಲೆ ಬಾಗಿ ಮೆಲ್ಲಗೆ ಊದಿದಳು. ಗೆರೆ ನೇರವಾಗಿರಲಿಲ್ಲ. ಎಡದಿಂದ ಬಲಕ್ಕೆ ಸ್ವಲ್ಪ ಏರಿ, ನಡುವೆ ಒಂದು ಕಡೆ ನಡುಗಿತ್ತು. ಅದರ ಅಡಿಯಲ್ಲಿ 'ಓಡಿಹೋದ' ಎಂಬ ನಾಲ್ಕೂ ಅಕ್ಷರಗಳು ಸ್ಪಷ್ಟವಾಗಿ ಓದಿಸಿಕೊಳ್ಳುತ್ತಿದ್ದವು. ಪಕ್ಕದಲ್ಲಿ, ಆಗಷ್ಟೇ ಬರೆಯಲು ಕಲಿತವರ ಅಕ್ಷರದಂಥ ದಪ್ಪ ಅಕ್ಷರಗಳಲ್ಲಿ, ಇನ್ನೂ ಹಸಿಯಾಗಿ: 'ನಡೆದು ಹೋದ. ನಾನು ಜೊತೆಗಿದ್ದೆ.'