ನೀಲಿ ಸ್ಕೂಟರ್ ಕೊಟ್ಟವನು

ನಮ್ಮಕ್ಕನನ್ನು ಕೊಂದವನು ಭಾವ. ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರುತ್ತೇನೆ ಎಂದಳು, ಅವನು ಬೇಡ ಎಂದ, ಇವಳು ಸೇರಿಯೇ ತೀರುತ್ತೇನೆ ಎಂದಳು. ನ್ಯಾಯಾಲಯದಲ್ಲಿ ಸಾಬೀತಾದದ್ದು ಇಷ್ಟೇ, ಅವನು ಜೈಲಿನಲ್ಲಿರುವುದೂ ಇಷ್ಟಕ್ಕೇ. ಆದರೆ ಟಿವಿಯವರಿಗೆ ಇಷ್ಟು ಸಾಲದು. ಎರಡು ಗಂಟೆಯ ಸಿನಿಮಾಕ್ಕೆ ಬರೀ ಒಂದು ಹೆಣ ಸಾಕಾಗುವುದಿಲ್ಲವಂತೆ.

ಅವರು ವ್ಯಾನಿನ ತುಂಬ ದೀಪ ಹೇರಿಕೊಂಡು ಬಂದಾಗ ನಮ್ಮ ಜನ ಹಲ್ಲು ಕಿರಿದದ್ದನ್ನು ನೋಡಬೇಕಿತ್ತು. ಅಕ್ಕ ಕಿರುಚಿದ ದಿನ ಕಿಟಕಿ ಮುಚ್ಚಿಕೊಂಡಿದ್ದ ಎದುರುಮನೆಯಾಕೆ ಈಗ ಮುಖಕ್ಕೆ ಪೌಡರ್ ಬಳಿದುಕೊಂಡು ಬಾಗಿಲಲ್ಲೇ ನಿಂತಿದ್ದಳು. ಏನೂ ಕೇಳಿಸಲಿಲ್ಲ ಎಂದು ಪೊಲೀಸರಿಗೆ ಹೇಳಿದ್ದವಳಿಗೆ ಕ್ಯಾಮೆರಾ ಕಂಡದ್ದೇ ತಡ, ಕಣ್ಣು, ಕಿವಿ, ನಾಲಿಗೆ ಎಲ್ಲ ಒಟ್ಟಿಗೇ ಬಂದುಬಿಟ್ಟವು.

ನಾನೇನು ಭಾರಿ ಸಾಚಾ ಅಲ್ಲ. ನಿರ್ದೇಶಕ, ಒಬ್ಬ ಗಡ್ಡದವನು, ನನ್ನ ಗ್ಯಾರೇಜಿಗೆ ಬಂದವನೇ ನನ್ನ ನೀಲಿ ಸ್ಕೂಟರಿಗೆ ಎರಡು ಸುತ್ತು ಹಾಕಿದ.

“ಅಕ್ಕನ ಮನೆಗೆ ಇದರಲ್ಲೇ ಅಲ್ವಾ ಹೋಗ್ತಿದ್ದಿದ್ದು?”

“ಹೌದು, ಪ್ರತಿ ಗುರುವಾರ ಸಂಜೆ. ಅವತ್ತು ಗ್ಯಾರೇಜಿಗೆ ರಜಾ. ನಲ್ಲಿ ಸೋರ್ಲಿ, ಫ್ಯಾನ್ ಕೆಡ್ಲಿ, ಭಾವ ಒಂದಕ್ಕೂ ಕೈ ಹಾಕ್ತಿರ್ಲಿಲ್ಲ.”

“ಸಿನಿಮಾಕ್ಕೆ ಇದೇ ಸ್ಕೂಟರ್ ಬೇಕು ಸಾರ್. ನೈಜತೆ ಮುಖ್ಯ.”

“ಕೊಡ್ತೀನಿ. ಆದ್ರೆ ಅಕ್ಕನ ಬಗ್ಗೆ ಒಂದೇ ಒಂದು ಕೆಟ್ಟ ಮಾತು ಬರಬಾರ್ದು. ಅವಳ ಮಗಳು ನನ್ನ ಹತ್ರಾನೇ ಬೆಳೀತಿದಾಳೆ, ನೋಡ್ತಾಳೆ.”

“ಛೆ ಛೆ, ದೇವತೆ ಥರ ತೋರಿಸ್ತೀವಿ,” ಎಂದು ಎದೆ ಮುಟ್ಟಿಕೊಂಡ.

ನಾನು ಉಬ್ಬಿಹೋದೆ. ಸ್ಕೂಟರನ್ನು ತೊಳೆದೆ, ಪಾಲಿಶ್ ಹೊಡೆದೆ. ಮಡ್‌ಗಾರ್ಡಿನ ತಗ್ಗನ್ನು ಸರಿಮಾಡಲು ಹೋದರೆ, ಅದು ಹಾಗೇ ಇರಲಿ, ಅದೇ ನೈಜತೆ ಎಂದ ಗಡ್ಡದವನು. ನನ್ನ ಪಾತ್ರಕ್ಕೆ ನೋಡಲು ಲಕ್ಷಣವಾಗಿರುವವನನ್ನೇ ಹಾಕಲಿ ಎಂದು ಒಳಗೊಳಗೇ ಆಸೆಪಟ್ಟೆ. ಥೂ, ನನ್ನ ಜನ್ಮಕ್ಕಿಷ್ಟು.

ಭಾನುವಾರ ಮಧ್ಯಾಹ್ನ ಸಿನಿಮಾ ಬಂತು. ಅಕ್ಕನ ಮಗಳಿಗೆ ಹತ್ತು ವರ್ಷ. ಅಮ್ಮ ನಗುವುದನ್ನು ನೋಡಬೇಕು ಎಂದು ಹಟ ಹಿಡಿದಿದ್ದಳು. ಕೊಲೆಯ ಹೊತ್ತಿಗೆ ಟಿವಿ ಆರಿಸಿದರಾಯಿತು ಎಂದು ನಾನೂ ಒಪ್ಪಿದ್ದೆ.

ಪರದೆಯ ಮೇಲಿನ ಅಕ್ಕ ತುಟಿಗೆ ಬಣ್ಣ ಹಚ್ಚಿಕೊಂಡು ಪಾತ್ರೆ ತೊಳೆಯುತ್ತಿದ್ದಳು. ನೀಲಿ ಸ್ಕೂಟರ್ ಬಂದು ನಿಂತಿತು.

“ಮಾಮ, ಅಗೋ ನೀನು!” ಎಂದು ಹುಡುಗಿ ಚಪ್ಪಾಳೆ ತಟ್ಟಿದಳು.

ಅಂಗಿಯ ಮೂರು ಗುಂಡಿ ಬಿಚ್ಚಿಕೊಂಡಿದ್ದ ಒಬ್ಬ ಷೋಕಿಲಾಲ ಇಳಿದ. ಬೀದಿಯ ಆ ಕಡೆ ಈ ಕಡೆ ನೋಡಿ ಒಳಗೆ ಹೋದ. ಅಕ್ಕ ಅವನ ಕೊರಳಿಗೆ ಕೈ ಹಾಕಿ ಕಿಟಕಿಯ ಪರದೆ ಎಳೆದಳು. ನಾನು ಹಾರಿ ಟಿವಿ ಆರಿಸಿದೆ.

ಗಡ್ಡದವನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಅವನು ನಗುತ್ತಲೇ ಕೇಳಿದ: “ತಮ್ಮ ಬಂದು ನಲ್ಲಿ ರಿಪೇರಿ ಮಾಡೋದನ್ನ ಯಾರು ಸಾರ್ ನೋಡ್ತಾರೆ? ಪಾತ್ರ ಎಲ್ಲ ಕಾಲ್ಪನಿಕ ಅಂತ ಮೊದಲೇ ಹಾಕಿದೀವಲ್ಲ.”

ಪಾತ್ರ ಕಾಲ್ಪನಿಕವಂತೆ. ಸ್ಕೂಟರ್ ಮಾತ್ರ ನನ್ನದು, ನಾನೇ ತೊಳೆದು ಕೊಟ್ಟದ್ದು.

ಮಾರನೆಯ ಬೆಳಿಗ್ಗೆ ಶಾಲೆಗೆ ಹೊರಟಾಗ ಹುಡುಗಿ ಮಡ್‌ಗಾರ್ಡಿನ ತಗ್ಗನ್ನು ಬೆರಳಿಂದ ಸವರುತ್ತ ನಿಂತಿದ್ದಳು.

“ಗುರುವಾರ ನಮ್ಮನೆಗೆ ಬರ್ತಿದ್ದಿದ್ದು ನೀನೇ ಅಲ್ವಾ ಮಾಮ?”

“ನಾನೇ ಪುಟ್ಟಿ. ನೀನೇ ಸ್ಪ್ಯಾನರ್ ಹಿಡ್ಕೊಂಡು ಪಕ್ಕದಲ್ಲಿ ಕೂತಿರ್ತಿದ್ಯಲ್ಲ.”

ಹೌದೆಂದು ತಲೆಯಾಡಿಸಿದಳು. ನನ್ನ ಮನಸ್ಸು ಹಗುರಾಯಿತು. ಏನೇ ಆಗಲಿ, ಕಣ್ಣಾರೆ ಕಂಡ ಮಗು ಅಲ್ಲವೇ? ಎಂದಿನಂತೆ ಹಿಂದೆ ಕೂತು ನನ್ನ ಸೊಂಟ ತಬ್ಬಿಕೊಂಡಳು. ಬೀದಿಯ ಕೊನೆಯ ತಿರುವಿನಲ್ಲಿ ನನ್ನ ಬೆನ್ನಿಗೆ ಮುಖ ಒತ್ತಿ ಮೆಲ್ಲಗೆ ಕೇಳಿದಳು:

“ಹಾಗಾದ್ರೆ ಟಿವೀಲಿದ್ದ ಅಂಕಲ್ ಯಾವತ್ತು ಬರ್ತಿದ್ರು, ಮಾಮ?”