ಕಂಡಕ್ಟರಮ್ಮ ಎಣಿಸಿದ ಮೀನು

ಕಂಡಕ್ಟರಮ್ಮನಿಗೆ ಮೀನು ಕಂಡರಾಗದು. ಮೂವತ್ತೊಂದು ವರ್ಷ ಬಸ್ಸಿನಲ್ಲಿ ದುಡಿದವಳಿಗೆ ಲೋಕದ ಎಲ್ಲ ವಾಸನೆಗಳೂ ಅಭ್ಯಾಸವಾಗಿದ್ದವು, ಮೀನಿನ ಬುಟ್ಟಿಯದೊಂದನ್ನು ಬಿಟ್ಟು. ಕಟ್ಟಿಕೊಂಡ ಗಂಡನೋ, ಊರಿನ ಗಾಳಗಾರರ ಸಂಘದ ಕಾರ್ಯದರ್ಶಿ. ವಾರವಿಡೀ ಗಡಿಯಾರ ರಿಪೇರಿ, ರಜೆ ಬಂದರೆ ನೀರಿನ ದಂಡೆ. ಒಂದೇ ಸೂರಿನಡಿ ಮೀನಿನ ಭಕ್ತನೂ ಮೀನಿನ ವೈರಿಯೂ ಇಷ್ಟು ವರ್ಷ ಹೇಗೋ ಸಂಸಾರ ಮಾಡಿಕೊಂಡು ಬಂದಿದ್ದರು. ಆ ವರ್ಷ ಎಲೆ ಉದುರುವ ಕಾಲದಲ್ಲಿ ಮಾತ್ರ ಇಡೀ ಸಂಘದ ಜುಟ್ಟು ಈ ವೈರಿಯ ಕೈಗೆ ಸಿಕ್ಕಿತು.

ಆದದ್ದು ಹೀಗೆ. ಊರಿನ ಮೇಲ್ಗಡೆ ಹೊಳೆಗೊಂದು ಅಣೆಕಟ್ಟು, ಅದರ ಹಿಂದೆ ದೊಡ್ಡ ಕೆರೆ. ಎಲೆ ಉದುರತೊಡಗಿದರೆ ಚುಕ್ಕೆ ಮೀನುಗಳು ಮೊಟ್ಟೆಯಿಡಲು ಹೊಳೆಯಿಂದ ಕೆರೆಗೂ ಕೆರೆಯಿಂದ ಆಚೆಯ ತೊರೆಗಳಿಗೂ ಹೋಗಬೇಕು. ಗೋಡೆ ಹಾರಲಾರದ ಅವುಗಳಿಗಾಗಿ ಅಣೆಕಟ್ಟಿನ ಪಕ್ಕದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ನೀರಿಳಿಯುವ ಕಾಲುವೆಯೊಂದನ್ನು ಕಟ್ಟಿದ್ದಾರೆ. ಜನ ಅದನ್ನು ಮೀನೇಣಿ ಎನ್ನುತ್ತಾರೆ. ಏಣಿಯ ತುದಿಯಲ್ಲಿ, ನೆಲದಡಿಗೆ, ಒಂದು ಪುಟ್ಟ ಕೋಣೆ. ಅದರ ಗೋಡೆಯಲ್ಲೊಂದು ಗಾಜಿನ ಕಿಟಕಿ. ಆ ಕಿಟಕಿಯ ಮುಂದೆ ಹಾಯದೆ ಯಾವ ಮೀನೂ ಕೆರೆ ಸೇರುವಂತಿಲ್ಲ.

ಕೆರೆಯಲ್ಲಿ ಗಾಳ ಹಾಕುವುದನ್ನು ಮೀನುಗಾರಿಕೆ ಕಚೇರಿಯವರು ಮೂರು ವರ್ಷದಿಂದ ನಿಲ್ಲಿಸಿದ್ದರು. ತಪ್ಪು ಸಂಘದ್ದೇ. ಮೊದಲೆಲ್ಲ ಏಣಿ ಹತ್ತುವ ಮೀನನ್ನು ಎಣಿಸುತ್ತಿದ್ದವರು ಸಂಘದವರು, ಮತ್ತು ಗಾಳಗಾರನ ಕಣ್ಣಿಗೆ ಕಂಡ ಮೀನೆಲ್ಲ ಹೊಸ ಮೀನೇ. ಮೇಲೆ ಬಂದದ್ದು ಜಾರಿ ಕೆಳಗೆ ಹೋಗಿ ಮತ್ತೆ ಬಂದರೆ ಎರಡು, ಇನ್ನೊಮ್ಮೆ ಬಂದರೆ ಮೂರು. ಬೇಕೆಂದು ಹೇಳಿದ ಸುಳ್ಳಲ್ಲ, ಆಸೆ ಹಾಕಿದ ಲೆಕ್ಕ. ಸಂಘದ ಪುಸ್ತಕದಲ್ಲಿ ಸಾವಿರ ಮೀನಿದ್ದರೆ ತೊರೆಯಲ್ಲಿ ನಾನೂರೂ ಸಿಗಲಿಲ್ಲ. ಕಚೇರಿಯವರು ಕೆರೆಯ ದಾರಿಗೆ ಸರಪಳಿ ಬಿಗಿದು ಬೀಗ ಜಡಿದರು. ಈಗ ಪತ್ರ ಬಂದಿತ್ತು: ನಲವತ್ತು ದಿನದಲ್ಲಿ ಐನೂರು ಮೀನು ಮೊಟ್ಟೆಯಿಡಲು ಏಣಿ ಹತ್ತಿ ಹೋದರೆ ಕೆರೆ ಹದಿನೈದು ದಿನ ತೆರೆಯುತ್ತದೆ, ಇಲ್ಲದಿದ್ದರೆ ಇನ್ನೈದು ವರ್ಷ ಮುಚ್ಚಿರುತ್ತದೆ. ಎಣಿಸುವವರು ಜನ್ಮದಲ್ಲಿ ಗಾಳ ಮುಟ್ಟಿದವರಾಗಿರಬಾರದು.

ಊರಲ್ಲಿ ಎಲ್ಲರ ಕಣ್ಣೂ ಒಬ್ಬಳ ಮೇಲೆಯೇ ಬಿತ್ತು. ಕೂತವರು, ನಿಂತವರು, ಬಾಗಿಲಿಗೆ ಜೋತುಬಿದ್ದವರು, ಎಲ್ಲರನ್ನೂ ಒಂದೇ ನೋಟದಲ್ಲಿ ಎಣಿಸಿ, "ಯಾರೋ ಒಬ್ಬರು ಟಿಕೆಟ್ ತಗೊಂಡಿಲ್ಲ" ಎನ್ನುತ್ತಿದ್ದವಳು ಆಕೆ. ಒಮ್ಮೆ ಬಸ್ಸು ಹತ್ತಿದ ಸ್ವಂತ ಅತ್ತೆಗೂ ಟಿಕೆಟ್ ಹರಿದು ಕೊಟ್ಟಿದ್ದಳು. ಅತ್ತೆ ಒಂದು ವಾರ ಮಾತು ಬಿಟ್ಟಿದ್ದರು.

"ನಂಗೆ ಮೀನು ಅಂದ್ರೆ ಆಗಲ್ಲ ಅಂತ ಗೊತ್ತಿದ್ದೂ ಕೇಳ್ತೀರಲ್ಲ," ಎಂದಳು ಗಂಡನಿಗೆ.

"ಅದಕ್ಕೇ ನೀನೇ ಬೇಕು ಅಂತಿದಾರೆ. ಮಧ್ಯೆ ಗಾಜು ಇರುತ್ತೆ, ವಾಸನೆ ಬರಲ್ಲ."

ಆಕೆ ಒಪ್ಪಿದ್ದು ಸಂಘದ ಮುಖ ನೋಡಿ ಅಲ್ಲ, ಗಂಡನ ಕೈ ನೋಡಿ. ಆ ಕೈ ನಡುಗಲು ಶುರುವಾಗಿ ಎಂಟು ತಿಂಗಳಾಗಿತ್ತು. ಅಂಗಡಿಯಲ್ಲಿ ಸಾಸಿವೆಯಷ್ಟು ಸಣ್ಣ ತಿರುಪು ಕೂರಿಸುವಾಗ ಅವನು, "ಸ್ವಲ್ಪ ಬಾರೇ, ಬೆಳಕು ಸಾಲ್ತಿಲ್ಲ" ಎಂದು ಕರೆಯುತ್ತಿದ್ದ. ಬೆಳಕು ಬೇಕಾದಷ್ಟಿತ್ತು. ಗಾಳದ ಕಣ್ಣಿಗೆ ದಾರ ಪೋಣಿಸಲು ಅವನಿಗೆ ಈಗಲೇ ಹತ್ತು ನಿಮಿಷ ಹಿಡಿಯುತ್ತದೆ. ಐದು ವರ್ಷ ಕಳೆದ ಮೇಲೆ ಕೆರೆ ತೆರೆದರೇನು, ಬಿಟ್ಟರೇನು. ಇದನ್ನು ಇಬ್ಬರೂ ಬಾಯಿಬಿಟ್ಟು ಆಡಿರಲಿಲ್ಲ.

ಆದರೂ ಒಂದು ಕಟ್ಟುಪಾಡು ಹಾಕಿದಳು. "ನಲವತ್ತು ದಿನ ಮನೇಲಿ ಮೀನಿನ ಸುದ್ದಿ ಬೇಡ. ನನ್ನ ಪುಸ್ತಕ ನೀವು ಮುಟ್ಟಬಾರದು. ಗಂಡ ಹೇಳ್ಕೊಟ್ಟ, ಹೆಂಡ್ತಿ ಬರ್ಕೊಂಡ್ಳು ಅಂತ ಒಬ್ಬ ಅಂದ್ರೂ ನನ್ನ ಮೂವತ್ತೊಂದು ವರ್ಷ ನೀರಲ್ಲಿ ಹೋಯ್ತು."

ಗಂಡ ತಲೆಯಾಡಿಸಿದ. ಊರಿನ ಇತರ ಗಾಳಗಾರರ ಬಾಯಿಗೂ ಆಕೆ ಅವತ್ತೇ ಬೀಗ ಹಾಕಿದಳು.

ಮೊದಲ ದಿನ ಕಚೇರಿಯ ಅಧಿಕಾರಿ ಬಂದಳು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಇನ್ನೂ ಮೂರು ಅಣೆಕಟ್ಟಿಗೆ ಹೋಗುವ ಅವಸರದಲ್ಲಿದ್ದಳು. "ಮೇಲೆ ಹೋದದ್ದು ಒಂದು ಕಡೆ ಬರೀರಿ, ಕೆಳಗೆ ಬಂದದ್ದು ಇನ್ನೊಂದು ಕಡೆ. ಕೊನೆಗೆ ಇದರಲ್ಲಿ ಅದನ್ನ ಕಳೆದುಬಿಡಿ."

"ಹತ್ತಿದವರು, ಇಳಿದವರು. ಗೊತ್ತಾಯ್ತು ಬಿಡಿ," ಎಂದಳು ಕಂಡಕ್ಟರಮ್ಮ.

ಕೋಣೆಯಲ್ಲಿ ಒಂದು ಟ್ಯೂಬ್‌ಲೈಟು, ಒಂದು ಸ್ಟೂಲು, ತೇವ ಹಿಡಿದ ಗೋಡೆ. ಆಕೆ ತನ್ನ ಹಳೆಯ ಚರ್ಮದ ಚೀಲವನ್ನು ಹೆಗಲಿಗೆ ಹಾಕಿಕೊಂಡೇ ಬರುತ್ತಿದ್ದಳು, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು. ಬೆಳಿಗ್ಗೆ ಹೊತ್ತು ಹುಟ್ಟಿದಾಗ ಅಣೆಕಟ್ಟಿನ ಕಾವಲುಗಾರ ಏಣಿಯ ಬಾಗಿಲೆತ್ತಿ, ಹೊತ್ತು ಮುಳುಗಿದಾಗ ಇಳಿಸುತ್ತಿದ್ದ. ಮಧ್ಯಾಹ್ನ ಆಕೆಯ ಊಟಕ್ಕೆಂದು ಅರ್ಧ ಗಂಟೆ ಮುಚ್ಚುತ್ತಿದ್ದ. ಉಳಿದ ಹೊತ್ತೆಲ್ಲ ಆಕೆ ಕಣ್ಣಲ್ಲಿ ಕಣ್ಣಿಟ್ಟು ಕೂತಿರುತ್ತಿದ್ದಳು.

ಮೊದಲ ಮೂರು ವಾರ ಕೂತದ್ದೇ ಬಂತು. ಮಳೆಯಿಲ್ಲದೆ ಹೊಳೆ ಸೊರಗಿತ್ತು, ನೀರು ಬೆಚ್ಚಗಿತ್ತು, ಉದುರಿದ ಎಲೆ ಏಣಿಯ ಬಾಗಿಲ ಕಂಬಿಗಳಿಗೆ ಅಂಟಿ ದಾರಿ ಕಟ್ಟುತ್ತಿತ್ತು. ಗಂಡ ತನ್ನ ಅಂಗಡಿಯ ಮುಂದೆ ಕರಿ ಹಲಗೆಯೊಂದನ್ನು ತೂಗುಹಾಕಿ ದಿನಾ ಸುಣ್ಣದ ಕಡ್ಡಿಯಲ್ಲಿ ಬರೆಯುತ್ತಿದ್ದ: ನೀರು ಕಡಿಮೆ. ಎಲೆ ಜಾಸ್ತಿ. ಕೆರೆ ಮುಚ್ಚಿದೆ. ಆ ಹಲಗೆ ನೋಡಿ ಗಾಳಗಾರರು ಸಾವಿನ ಮನೆಯಿಂದ ಹೊರಟವರ ಹಾಗೆ ಮುಖ ಮಾಡಿಕೊಂಡು ಹೋಗುತ್ತಿದ್ದರು. ಇಪ್ಪತ್ತೊಂದು ದಿನ ಮುಗಿದಾಗ ಆಕೆಯ ಪುಸ್ತಕದಲ್ಲಿದ್ದದ್ದು ತೊಂಬತ್ತು ಮೀನು.

ಇಪ್ಪತ್ತೆರಡನೆಯ ದಿನ ಬೆಟ್ಟದ ಕಡೆ ಮಳೆ ಹೊಡೆಯಿತು. ಹೊಳೆ ತಣ್ಣಗಾಗಿ ತುಂಬಿ ಬಂತು, ಎಲೆಯೆಲ್ಲ ಕೊಚ್ಚಿಹೋಯಿತು, ಏಣಿಯಲ್ಲಿ ಜಾತ್ರೆ ನೆರೆಯಿತು. ಕಿಟಕಿಯ ಮುಂದೆ ಮೀನುಗಳು ಒಂದರ ಮೈಮೇಲೊಂದು ಬಿದ್ದು ನುಗ್ಗತೊಡಗಿದವು. ಎರಡು ಒಟ್ಟಿಗೆ ಬಂದರೆ ಹಿಂದಿನದು ಮುಂದಿನದರ ಮರೆಗೆ ಅಡಗುತ್ತಿತ್ತು. ಅದೇನು ದೊಡ್ಡ ವಿದ್ಯೆಯೇ? ದಪ್ಪಗಿನವರ ಹಿಂದೆ ಅಡಗಿ ಟಿಕೆಟ್ ತಪ್ಪಿಸುವವರನ್ನು ಆಕೆ ಎಷ್ಟು ಜನರನ್ನು ಕಂಡಿಲ್ಲ. ತನಗೇ ಗೊತ್ತಿಲ್ಲದೆ ಬಾಯಿಂದ ಹಳೆಯ ಮಾತು ಬರುತ್ತಿತ್ತು: "ಮುಂದೆ ಹೋಗಿ, ಮುಂದೆ ಹೋಗಿ. ಒಳಗೆ ಜಾಗ ಇದೆ."

ಬಾಲದ ತುದಿ ಹರಿದ ಮೀನೊಂದು ಕಿಟಕಿಯ ಅಂಚಿನವರೆಗೆ ಬಂದು ಎರಡು ಸಲ ವಾಪಸು ಹೋಯಿತು. ಸಂಘದವರಾಗಿದ್ದರೆ ಅಲ್ಲಿಗೇ ಎರಡು ಗೀಟು ಎಳೆಯುತ್ತಿದ್ದರು. ಕಂಡಕ್ಟರಮ್ಮ ಪೆನ್ಸಿಲು ಎತ್ತಲಿಲ್ಲ. ಒಂದು ಸೋಮವಾರ ಅದು ಮೂರನೆಯ ಸಲ ಬಂದು ದಾಟಿತು. ಆಗ ಬರೆದಳು, ಮುನ್ನೂರ ಹನ್ನೆರಡು. ವೈರಿಯ ಮೇಲೂ ಒಂದು ಗಳಿಗೆ ಮಮತೆ ಹುಟ್ಟಿತು.

ಇಳಿಯುವವೂ ಇದ್ದವು. ಕೆಲವು ಮೇಲೆ ಹೋದ ಬೆನ್ನಿಗೇ, ತುಂಬಿದ ಹೊಟ್ಟೆಯಲ್ಲೇ ವಾಪಸು ಬರುತ್ತಿದ್ದವು, ಬಸ್ಸು ತಪ್ಪಿ ಹತ್ತಿದವರ ಹಾಗೆ. ಕೊನೆಯ ಹತ್ತು ದಿನದಲ್ಲಿ ಬೇರೆ ಥರದವು ಕಂಡವು. ಒಣಗಿ, ತೆಳ್ಳಗಾಗಿ, ಬಾಲ ಮುಂದೆ ಮಾಡಿಕೊಂಡು ನೀರು ಒಯ್ದ ಹಾಗೆ ನಿಧಾನವಾಗಿ ಬರುತ್ತಿದ್ದವು. ಅವುಗಳ ಪಕ್ಕ ಆಕೆ ಒಂದೊಂದು ಸೊನ್ನೆ ಸುತ್ತಿದಳು. ಅವು ಯಾಕೆ ಹಾಗಿವೆಯೆಂದು ಆಕೆಗೆ ತಿಳಿಯಲಿಲ್ಲ. ಕಂಡದ್ದನ್ನು ಬರೆಯದೆ ಬಿಡುವುದು ಆ ಕೈಗೆ ಗೊತ್ತಿರಲಿಲ್ಲ, ಅಷ್ಟೆ. ಅಧಿಕಾರಿ ಹೇಳಿದ ಪ್ರಕಾರ ಎಲ್ಲವನ್ನೂ ಕಳೆದಳು.

ಮೂವತ್ತೆಂಟನೆಯ ದಿನ ಊಟದ ಹೊತ್ತಿಗೆ ಕ್ಷೌರದಂಗಡಿಯವನು ಬಂದು ಮೆಟ್ಟಿಲ ಮೇಲೆ ಕೂತ. ಸಂಘದವನಾದ ಇವನು ಹಿಡಿದೆನೆಂದ ಮೀನೆಲ್ಲ ಮೊಳದುದ್ದವೇ ಆದ್ದರಿಂದ ಊರವರು ಇವನನ್ನು ಮೊಳದಣ್ಣ ಎನ್ನುತ್ತಿದ್ದರು.

"ಅಕ್ಕಾ, ನೀವು ಕಣ್ಣು ಮಿಟುಕಿಸಿದಾಗ ಒಂದೆರಡು ಹೋಗಿರಲ್ವಾ? ಅವನ್ನ ಸೇರಿಸಿದ್ರೆ ಪಾಪ ಏನು ಬರುತ್ತೆ?"

"ಒಬ್ಬನೇ ಒಬ್ಬನ್ನ ಟಿಕೆಟ್ ಇಲ್ದೆ ಬಿಟ್ಟವಳಲ್ಲ ನಾನು. ಇಲ್ಲದ ಪ್ಯಾಸೆಂಜರಿಗೆ ಟಿಕೆಟ್ ಹರಿದವಳೂ ಅಲ್ಲ."

"ನಿಮ್ಮ ಯಜಮಾನರ ಕೈ ನೋಡಿದೀರಾ?"

ಕಂಡಕ್ಟರಮ್ಮ ಡಬ್ಬಿಯ ಮುಚ್ಚಳ ಹಾಕಿದಳು. "ನೋಡಿದೀನಿ. ನೀನು ಎದ್ದು ನಡಿ," ಎಂದಳು. ಅವನು ಹೋದ ಮೇಲೆ ಒಂದು ನಿಮಿಷ ಪುಸ್ತಕವನ್ನೇ ನೋಡುತ್ತ ಕೂತಳು. ಒಂದೆರಡು ಗೀಟು ಎಳೆಯಲು ಪೆನ್ಸಿಲಿಗೆ ಎಷ್ಟು ಶ್ರಮ? ಆಮೇಲೆ ಕಾವಲುಗಾರನನ್ನು ಕೂಗಿ ಬಾಗಿಲೆತ್ತಿಸಿದಳು.

ಮೂವತ್ತೊಂಬತ್ತನೆಯ ದಿನ ಸಂಜೆ ಮನೆಯಲ್ಲಿ ಗಂಡ ಒಂದೇ ಒಂದು ಸಲ ಬಾಯಿ ತಪ್ಪಿ ಕೇಳಿದ. "ಹೇಗಿದೆ ಅಲ್ಲಿ?"

"ಚಳಿ ಇದೆ," ಎಂದಳು. ಅವನು ಗೋಡೆಗೆ ಒರಗಿಸಿದ್ದ ಗಾಳದ ಕೋಲನ್ನು ಬಟ್ಟೆಯಿಂದ ಒರೆಸಿ ಅಲ್ಲೇ ಇಟ್ಟ.

ನಲವತ್ತನೆಯ ದಿನ ಹೊತ್ತು ಮುಳುಗಿ ಬಾಗಿಲು ಇಳಿದಾಗ ಇಡೀ ಸಂಘ ಕೋಣೆಯ ಮೆಟ್ಟಿಲ ಮೇಲೆ ಮುತ್ತಿತ್ತು. ಅಧಿಕಾರಿ ಒಳಗೆ ಬಂದಳು. ಕಂಡಕ್ಟರಮ್ಮ ಎದ್ದು ನಿಂತು ಕೊನೆಯ ಸ್ಟಾಪು ಕೂಗುವ ದನಿಯಲ್ಲಿ ಓದಿದಳು: "ಹತ್ತಿದ್ದು ಐನೂರ ಅರವತ್ತೊಂದು. ಇಳಿದದ್ದು ಅರವತ್ತೆಂಟು. ಉಳಿದದ್ದು ನಾನೂರ ತೊಂಬತ್ಮೂರು."

ಏಳು ಮೀನು ಕಡಿಮೆ. ಮೊಳದಣ್ಣ ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟ. ಗಂಡ ಜನರ ನಡುವಿನಿಂದ ಹೆಂಡತಿಯನ್ನು ನೋಡಿ, ಪರವಾಗಿಲ್ಲ ಎಂಬಂತೆ ಕೈಯೆತ್ತಿದ. ಆ ಕೈ ನಡುಗುತ್ತಿತ್ತು. ಕಂಡಕ್ಟರಮ್ಮನ ಕಣ್ಣು ತುಂಬಿತು, ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ತನ್ನ ಲೆಕ್ಕ ಸರಿಯಾಗಿದ್ದದ್ದಕ್ಕೆ ದುಃಖವಾಯಿತು.

ಅಧಿಕಾರಿ ಸಹಿ ಹಾಕಲು ಪುಸ್ತಕ ತೆಗೆದುಕೊಂಡವಳು ಪುಟ ತಿರುವುತ್ತ ನಿಂತಳು. "ಈ ಸೊನ್ನೆ ಯಾಕೆ ಹಾಕಿದೀರಿ?"

"ಅವು ತೆಳ್ಳಗಿದ್ವು. ಬಾಲ ಮುಂದೆ ಮಾಡ್ಕೊಂಡು ಬಂದ್ವು. ಬೇರೆಯವು ಹಾದಿ ತಪ್ಪಿ ವಾಪಸ್ ಬಂದ ಹಾಗಿದ್ವು, ಇವು ಹೋದ ಕೆಲಸ ಮುಗಿಸ್ಕೊಂಡು ತಮ್ಮ ಸ್ಟಾಪಲ್ಲಿ ಇಳಿದ ಹಾಗೆ."

ಅಧಿಕಾರಿ ತಲೆಯೆತ್ತಿದಳು. "ಇವನ್ನೂ ಕಳೆದುಬಿಟ್ರಾ?"

"ನೀವೇ ಹೇಳಿದ್ರಲ್ಲ, ಕೆಳಗೆ ಬಂದದ್ದೆಲ್ಲ ಕಳೀರಿ ಅಂತ."

"ಮೊಟ್ಟೆ ಇಟ್ಟು ಇಳಿಯೋ ಮೀನಮ್ಮ ಇವು," ಅಧಿಕಾರಿಯ ದನಿ ಮೆತ್ತಗಾಯಿತು. "ಹೋಗಿ, ಮೊಟ್ಟೆ ಇಟ್ಟು, ಬಂದಿವೆ. ಇವನ್ನ ಕಳೆಯೋ ಹಾಗಿಲ್ಲ. ಅವಸರದಲ್ಲಿ ನಾನು ಹೇಳದೆ ಬಿಟ್ಟಿದ್ದು, ತಪ್ಪು ನಂದು."

ಮೆಟ್ಟಿಲ ಮೇಲಿದ್ದ ಅಷ್ಟೂ ಗಾಳಗಾರರಿಗೆ ಇದು ಹುಟ್ಟಿದಾಗಿನಿಂದ ಗೊತ್ತಿದ್ದ ವಿಷಯ. ಒಬ್ಬ ಪುಸ್ತಕ ಇಣುಕಿದ್ದರೂ ಹೇಳುತ್ತಿದ್ದ. ಇಣುಕಲು ಈ ಮಹಾತಾಯಿ ಬಿಟ್ಟರೆ ತಾನೇ.

ಅಧಿಕಾರಿ ಸೊನ್ನೆಗಳನ್ನು ಎಣಿಸಿದಳು. ಇಪ್ಪತ್ತೇಳು. ಎರಡನೆಯ ಸಲವೂ ಇಪ್ಪತ್ತೇಳೇ. "ಐನೂರ ಇಪ್ಪತ್ತು," ಎಂದು ದೊಡ್ಡ ಅಕ್ಷರದಲ್ಲಿ ಬರೆದು ಸಹಿ ಹಾಕಿದಳು. "ಈ ಸೊನ್ನೆ ಇಲ್ದೆ ಬರೀ ಬಾಯಲ್ಲಿ ಹೇಳಿದ್ರೆ ಸಂಘದ ಮಾತನ್ನ ನಾನು ನಂಬ್ತಿರಲಿಲ್ಲ. ಇದನ್ನ ನಂಬ್ತೀನಿ."

ಆಮೇಲೆ ಎದ್ದ ಗದ್ದಲಕ್ಕೆ ಕಿಟಕಿಯ ಗಾಜು ಅದುರಿತು. ಮೊಳದಣ್ಣ ಕಾವಲುಗಾರನನ್ನು ತಬ್ಬಿಕೊಂಡು ಅತ್ತ. ಗಂಡ ಮಾತ್ರ ಹೆಂಡತಿಯ ಹೆಗಲಿನಿಂದ ಚರ್ಮದ ಚೀಲ ಇಳಿಸಿ ತನ್ನ ಹೆಗಲಿಗೆ ಹಾಕಿಕೊಂಡ. ಮನೆಗೆ ಹೋಗುವ ದಾರಿಯಲ್ಲಿ ಅಂಗಡಿಯ ಮುಂದೆ ನಿಂತು ಹಲಗೆ ಒರೆಸಿ, ಸುಣ್ಣದ ಕಡ್ಡಿಯನ್ನು ಅವಳ ಕೈಗೆ ಕೊಟ್ಟ. ಆಕೆ ಬರೆದಳು: ನೀರು ತುಂಬಿದೆ. ಕೆರೆ ತೆರೆದಿದೆ.

ಮರುದಿನ ಬೆಳಿಗ್ಗೆ ಅಧಿಕಾರಿ ಬೀಗದ ಕೈಯನ್ನು ಕಂಡಕ್ಟರಮ್ಮನಿಗೇ ಕೊಟ್ಟಳು. ಸರಪಳಿ ಕಳಚಿ ಬಿತ್ತು. ನುಗ್ಗಿ ಬಂದ ನಲವತ್ತೆರಡು ಗಾಳಗಾರರನ್ನು ಆಕೆ ಅಭ್ಯಾಸಬಲದಿಂದ ಎಣಿಸಿಯೇ ಒಳಗೆ ಬಿಟ್ಟಳು. ಮೊದಲ ಗಾಳ ಯಾರದೆಂದು ಯಾರೂ ಚರ್ಚೆ ಮಾಡಲಿಲ್ಲ, ಎಲ್ಲರೂ ಗಂಡನಿಗೆ ದಾರಿ ಬಿಟ್ಟು ನಿಂತರು. ಅವನು ದಾರ ಪೋಣಿಸಲು ಹೋದ. ಒಂದು ಸಲ ತಪ್ಪಿತು, ಎರಡು ಸಲ ತಪ್ಪಿತು. ಜನ ಬೇರೆಲ್ಲೋ ನೋಡಿದರು.

"ಕೊಡಿ ಇಲ್ಲಿ," ಎಂದಳು ಕಂಡಕ್ಟರಮ್ಮ. ಜನ್ಮದಲ್ಲಿ ಗಾಳ ಮುಟ್ಟದವಳು ಒಂದೇ ಏಟಿಗೆ ಪೋಣಿಸಿ ಗಂಟು ಹಾಕಿ ಕೊಟ್ಟಳು.

ಕೋಲು ಬೀಸುವುದಕ್ಕೆ ಆ ನಡುಕ ಲೆಕ್ಕಕ್ಕೇ ಇರಲಿಲ್ಲ. ಗಾಳ ದೂರ ಹೋಗಿ ಬಿತ್ತು. ಹತ್ತು ನಿಮಿಷದಲ್ಲಿ ಕೋಲು ಬಾಗಿತು, ದಂಡೆಯಲ್ಲಿ ಸಿಳ್ಳೆ ಬಿತ್ತು, ಕೇಕೆ ಎದ್ದಿತು, ಗಂಡ ಮೂರು ವರ್ಷದ ಹಸಿವೆಲ್ಲ ತೀರುವ ಹಾಗೆ ನಗುತ್ತ ಮೀನನ್ನು ದಂಡೆಯ ಹತ್ತಿರ ಎಳೆದು ತಂದ. ಈ ಸಲ ಮೊಳದುದ್ದವೆಂದರೆ ನಿಜವಾಗಿಯೂ ಮೊಳದುದ್ದ. ಕಂಡಕ್ಟರಮ್ಮ ಮೂಗಿಗೆ ಸೆರಗು ಹಿಡಿದುಕೊಂಡು ಬಗ್ಗಿ ನೋಡಿದಳು. ಬಾಲದ ತುದಿ ಹರಿದಿತ್ತು. ಹೊಟ್ಟೆ ಇನ್ನೂ ತುಂಬಿತ್ತು.

"ರೀ, ಇದು ಮುನ್ನೂರ ಹನ್ನೆರಡನೇದು. ಸೋಮವಾರ ಹತ್ತಿದ್ದು," ಎಂದಳು. "ಬಿಟ್ಬಿಡಿ. ಇದರ ಸ್ಟಾಪ್ ಇನ್ನೂ ಮುಂದಿದೆ."

ಗಂಡ ಮಂಡಿಯೂರಿ, ಗಾಳ ಬಿಡಿಸಿ, ಎರಡೂ ಕೈಯಲ್ಲಿ ಮೀನನ್ನು ನೀರೊಳಗೆ ಹಿಡಿದು ಹೆಂಡತಿಯ ಮುಖ ನೋಡಿದ.

"ರೈಟ್," ಎಂದಳು ಕಂಡಕ್ಟರಮ್ಮ, ಮತ್ತು ಅವನು ಕೈ ಬಿಟ್ಟ.