ಷಡ್ಡಕನ ಹೈಬ್ರಿಡ್ ಗಾಡಿ

ಇಂಡಿ ಪಟ್ಟಣದ ಲಿಂಬೆ ವ್ಯಾಪಾರಿ ಕಾಸಿಂಸಾಬ ಮೂರು ವರ್ಷ ಒಂದೇ ಕಾರಿನ ಮೇಲೆ ಕಣ್ಣಿಟ್ಟಿದ್ದ. ಅದು ಷಡ್ಡಕ ನಿಯಾಜನದು. ಕರಿ ಬಣ್ಣದ, ಉದ್ದನೆಯ, ತೊಗಲಿನ ಸೀಟಿನ ಐಷಾರಾಮಿ ಸೆಡಾನ್. ಹೆಂಡತಿಯ ತಂಗಿಯ ಗಂಡ ಅಂಥ ಕಾರಿನಿಂದ ಇಳಿಯುವಾಗಲೆಲ್ಲ ಕಾಸಿಂಸಾಬನ ಹೊಟ್ಟೆಯಲ್ಲಿ ಖಾರ ಅರೆದಂತಾಗುತ್ತಿತ್ತು. ಕೊನೆಗೆ ನಿಯಾಜ ಅದನ್ನು ಮಾರುತ್ತಾನೆಂದು ಕೇಳಿದ್ದೇ ತಡ, ಬೇರೆಯವರ ಕೈ ಸೇರುವ ಮೊದಲೇ ತಾನು ಕೊಂಡ. ಇನ್ನು ಊರೆಲ್ಲ ನನ್ನನ್ನೇ ನೋಡಬೇಕು ಎಂದುಕೊಂಡ.

ಎಲ್ಲಿಯ ನೋಡುವುದು! ಮುಂದಿನ ಶುಕ್ರವಾರವೇ ನಿಯಾಜ ಎತ್ತರದ ಬಿಳಿ ಹೈಬ್ರಿಡ್ ಎಸ್‌ಯುವಿ ತಂದು ಮಸೀದಿಯ ಮುಂದೆ ನಿಲ್ಲಿಸಿದ. ನಮಾಜು ಮುಗಿಸಿ ಬಂದವರೆಲ್ಲ ಅದನ್ನು ಸುತ್ತುವರಿದರು. ಅದು ಸಪ್ಪಳವಿಲ್ಲದೆ ಹೊರಟಾಗ "ಅಬಬಬಾ!" ಎಂದರು. ಪಕ್ಕದ ಕರಿ ಕಾರಿಗೆ ಸಿಕ್ಕಿದ್ದು ಒಂದೇ ಮಾತು: "ಇದು ನಿಯಾಜನ ಹಳೇ ಕಾರಲ್ಲೇನು?"

ಆ ದಿನ ಕಾಸಿಂಸಾಬನಿಗೆ ಊಟ ಸೇರಲಿಲ್ಲ.

"ಬೇಕಂತ ಮಾಡ್ಯಾನ. ಎಂಜಲ ನನಗ ಹಾಕಿ, ಬಿಸಿ ರೊಟ್ಟಿ ತಾ ತಿನ್ನಾಕತ್ತಾನ," ಎಂದು ಹೆಂಡತಿಯ ಮುಂದೆ ಹಲ್ಲು ಕಡಿದ.

"ಬೆನ್ನ ಹತ್ತಿ ತಗೊಂಡಾವ್ರು ನೀವು," ಎಂದಳು ಅಖ್ತರಬೇಗಂ. "ತಗೋರಿ ಅಂತ ಅಂವ ನಿಮ್ಮ ಬಾಗಲಿಗೆ ಬಂದಿದ್ನೇನು?"

ಮರುದಿನ ಮಾರುಕಟ್ಟೆಯಲ್ಲಿ ಚಹಾ ಕುಡಿಯುತ್ತ ಕಾಸಿಂಸಾಬ ಎಲ್ಲರನ್ನೂ ನಗಿಸಲು ಚಾಷ್ಟಿ ತೆಗೆದ: "ಹೈಬ್ರಿಡ್ ಜ್ವಾಳದ ರೊಟ್ಟಿಗೆ ರುಚಿ ಇಲ್ಲ, ಹೈಬ್ರಿಡ್ ಗಾಡಿಗೆ ದಮ್ಮ ಎಲ್ಲಿಂದ ಬರ್ತೈತ್ರಿ?" ಯಾರೂ ನಗಲಿಲ್ಲ. ಆ ಗಾಡಿಗೆ ಎಣ್ಣೆ ಎಷ್ಟು ಕಡಿಮೆ ಸಾಕು ಎಂಬ ಮಾತೇ ಮುಂದುವರಿಯಿತು. ಅವನಿಗೆ ತಡೆದುಕೊಳ್ಳಲಾಗಲಿಲ್ಲ.

"ಹಿಂದಿನ ಸೀಟಿನ ಕೆಳಗ ದೊಡ್ಡ ಬ್ಯಾಟರಿ ಐತಿ. ಬಸುರಿ ಹೆಂಗಸು ಕುಂತ್ರ ಹೊಟ್ಟ್ಯಾಗಿನ ಕೂಸಿಗೆ ಅಪಾಯ ಅಂತ!"

ಯಾರು ಹೇಳಿದರೆಂದು ಒಬ್ಬನೂ ಕೇಳಲಿಲ್ಲ. ಎಲ್ಲರ ಮುಖ ಗಂಭೀರವಾದದ್ದು ಕಂಡು ಕಾಸಿಂಸಾಬನ ಹೊಟ್ಟೆ ತಣ್ಣಗಾಯಿತು. ಅಂದು ಎರಡು ರೊಟ್ಟಿ ಹೆಚ್ಚೇ ತಿಂದ.

ಎರಡು ತಿಂಗಳು ಕಳೆದವು. ಸಿಂದಗಿ ತಾಲೂಕಿನ ಮೋರಟಗಿಗೆ ಕೊಟ್ಟ ಮಗಳು ನಸ್ರೀನಳಿಗೆ ಏಳು ತಿಂಗಳು ತುಂಬಿತ್ತು. ಸೀಮಂತದ ಕುಬಸ ಮಾಡಿ ತವರಿಗೆ ಕರೆತರಬೇಕು. ಗಂಡ ಹೆಂಡತಿ ಕರಿ ಕಾರಿನಲ್ಲಿ, ನಿಯಾಜ ಒಬ್ಬನೇ ತನ್ನ ಗಾಡಿಯಲ್ಲಿ ಹೊರಟರು; ನಿಯಾಜನ ಹೆಂಡತಿ ನಿಷತ ಬರಲೊಲ್ಲೆ ಎಂದಿದ್ದಳು. ಬೀಗರ ಮನೆ ಊರಾಚೆಯ ತೋಟದಲ್ಲಿತ್ತು. ಅಲ್ಲಿಗೆ ಬಂಡಿದಾರಿ.

"ಭಾಯಿ, ಇಲ್ಲಿ ನಿಮ್ಮ ಕಾರಿನ ತಳ ಹತ್ತತೈತಿ. ರೋಡಿನ ಮ್ಯಾಲ ನಿಲ್ಲಸ್ರಿ," ಎಂದ ನಿಯಾಜ.

"ನನಗೂ ಓಡ್ಸಾಕ ಬರ್ತೈತಪಾ. ನನ್ನ ಮಗಳು ನನ್ನ ಕಾರಿನ್ಯಾಗ ಬರಬೇಕು," ಎಂದ ಕಾಸಿಂಸಾಬ.

ಹೋಗುವಾಗ ಹೇಗೋ ದಾಟಿತು. ಕುಬಸ ಮುಗಿಸಿ, ನಸ್ರೀನಳನ್ನು ಕರಿ ಕಾರಿನಲ್ಲಿ ಕೂರಿಸಿಕೊಂಡು ಮರಳುವ ಹೊತ್ತಿಗೆ ಕಾಲುವೆ ನೀರು ದಾರಿಗೆ ಹರಿದಿತ್ತು. ತೋಟದಿಂದ ನೂರು ಹೆಜ್ಜೆ ಹೋಗಿರಲಿಲ್ಲ, ಗಾಲಿಗಳು ಎರೆಮಣ್ಣಿನಲ್ಲಿ ಇಳಿದು, ಕಾರು ದಡಕ್ಕನೆ ನಡುದಿಬ್ಬದ ಮೇಲೆ ಕೂತಿತು.

"ಅಬ್ಬಾ, ಹೊಟ್ಟಿ ಹಿಂಡಾಕತ್ತೈತಿ!" ನಸ್ರೀನ ಬೆವೆತುಹೋದಳು.

ನಿಯಾಜ ಹೊಲದ ಅಂಚಿನಿಂದ ತನ್ನ ಗಾಡಿ ತಂದು ಹಿಂದಿನ ಬಾಗಿಲು ತೆರೆದ. ಅಷ್ಟರಲ್ಲಿ ನಸ್ರೀನಳ ಅತ್ತೆ ಸೈದಾಬಿ ಓಡಿಬಂದು ಅಡ್ಡ ನಿಂತಳು.

"ಬ್ಯಾಡ್ರಿ! ಆ ಬ್ಯಾಟರಿ ಗಾಡ್ಯಾಗ ಬ್ಯಾಡ! ಮುದ್ದೇಬಿಹಾಳದಾಗ ಒಬ್ಬಾಕಿ ಹತ್ತಿ ಇಳಿಯೂದ್ರಾಗ ಕೂಸು ಹೋತಂತ. ಬಾಗೇವಾಡ್ಯಾಗೂ ಅದ ಮಾತು. ಟ್ರ್ಯಾಕ್ಟರ್ ತರಸ್ತೇನಿ, ತಡೀರಿ."

ಎತ್ತಿದ ಕಾಲನ್ನು ನಸ್ರೀನ ಹಿಂದಕ್ಕೆ ಇಟ್ಟಳು.

"ಅದು ಸುಳ್ಳರಿ ಬೀಗರ," ಎಂದ ಕಾಸಿಂಸಾಬ.

"ಊರ ಮಂದಿ ಸುಳ್ಳು ಹೇಳ್ತಾರೇನು? ನಿಮಗೇನ ಗೊತ್ತರಿ?"

ಕಾಸಿಂಸಾಬ ನಿಯಾಜನ ಕಡೆ ನೋಡಿದ. ಇವನೆದುರು ಹೇಳುವುದಕ್ಕಿಂತ ಭೂಮಿ ಬಾಯಿಬಿಟ್ಟರೆ ಚೆನ್ನ ಎನಿಸಿತು. ನಸ್ರೀನ ನರಳಿದಳು.

"ಆ ಮಾತು ಹುಟ್ಟಿಸಿದಾಂವ ನಾನರಿ! ಇಂಡಿ ಮಾರ್ಕೆಟ್ಟಿನ್ಯಾಗ ಕುಂತು ನಾನ ಹೇಳಿದೆ. ಇವನ ಗಾಡಿ ಕಂಡು ಹೊಟ್ಟಿಕಿಚ್ಚು ಬಂದಿತ್ತು. ನಿಮ್ಮ ಕಾಲು ಹಿಡೀತೇನಿ, ನನ್ನ ಮಗಳನ್ನ ಹತ್ತಸ್ರಿ."

ಸೈದಾಬಿ ಬಾಯಿಯ ಮೇಲೆ ಕೈಯಿಟ್ಟು ಸರಿದಳು.

ಸಿಂದಗಿಯ ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ, ಕೂಸು ಸುಖವಾಗಿದೆ, ವಿಶ್ರಾಂತಿ ಬೇಕು ಎಂದರು. ಅಖ್ತರಬೇಗಂ ಮಗಳ ಬಳಿ ಉಳಿದಳು. ಹೊರಗಿನ ಬೆಂಚಿನ ಮೇಲೆ ಷಡ್ಡಕರಿಬ್ಬರೇ ಕೂತರು.

"ಬೈದುಬಿಡಪಾ," ಎಂದ ಕಾಸಿಂಸಾಬ.

"ಬೈದ್ರ ಏನ ಬಂತು, ಭಾಯಿ?" ಎಂದ ನಿಯಾಜ. "ನಿಷತಗ ಈಗ ನಾಲ್ಕು ತಿಂಗಳು. ಹಿಂದ ಎರಡು ಸಲ ಹೊಟ್ಟ್ಯಾಗಿನ ಕೂಸು ಉಳೀಲಿಲ್ಲ ಅಂತ ಯಾರಿಗೂ ಹೇಳಿಲ್ಲ. ತಗ್ಗು ದಿಣ್ಣಿಯೊಳಗ ಆಕಿಗೆ ತ್ರಾಸ ಆಗಬಾರದು ಅಂತನ ಸೆಡಾನ್ ಮಾರಿ ಇದನ್ನ ತಂದೆ. ಆ ಮಾತು ಕಿವಿಗೆ ಬಿದ್ದಾಗಿಂದ ಆಕಿ ಒಂದ ದಿನ ಹತ್ತಿಲ್ಲ. ನಾ ಎಷ್ಟು ಹೇಳಿದ್ರೂ ನಂಬಂಗಿಲ್ಲ. ಬಸ್ಸಿನ್ಯಾಗ ನಿಂತು ದವಾಖಾನಿಗೆ ಹೋಗ್ತಾಳ."

ಕಾಸಿಂಸಾಬನ ಕಣ್ಣಲ್ಲಿ ನೀರು ಬಂತು. ಅದನ್ನು ಒರೆಸಿಕೊಂಡು ಕೇಳಿದ: "ನಾನ ಬಂದು ಆಕಿ ಮುಂದ ಹೇಳಲೇನು?"

"ನಾಳಿ ಮತ್ತ ತೋರ್ಸಾಕ ಹೋಗಬೇಕು. ಒಂಬತ್ತರ ಬಸ್ಸಿಗೆ ಹೊಂಡ್ತಾಳ. ಅದಕ್ಕಿಂತ ಮೊದಲ ಬರ್ರಿ."

ಮರುದಿನ ಎಂಟಕ್ಕೇ ಕಾಸಿಂಸಾಬ ನಿಷತಳ ಬಾಗಿಲಲ್ಲಿ ನಿಂತು, ಏನನ್ನೂ ಮುಚ್ಚಿಡದೆ ಹೇಳಿ ಮುಗಿಸಿದ. ಆಕೆ ಅವನ ಮುಖ ನೋಡಲಿಲ್ಲ. ಒಳಗೆ ಹೋಗಿ ಬುರ್ಖಾ ಹಾಕಿಕೊಂಡು ಬಂದು, ಗಾಡಿಯ ಹಿಂದಿನ ಸೀಟಿನಲ್ಲಿ ಮೆಲ್ಲಗೆ ಕೂತಳು. ಆಮೇಲೆ ಕರೆದಳು:

"ನೀವೂ ಹತ್ತರಿ, ಭಾಯಿ. ದವಾಖಾನ್ಯಾಗ ನನ್ನಂಥಾವ್ರು ಭಾಳ ಮಂದಿ ಕುಂತಿರ್ತಾರ. ಈ ಮಾತು ಅವರಿಗೂ ಮುಟ್ಟೈತಿ. ಅವರ ಮುಂದೂ ನೀವ ಹೇಳ್ರಿ."

ಕಾಸಿಂಸಾಬ ಚಪ್ಪಲಿಗೆ ಹತ್ತಿದ ಮಣ್ಣು ಕೊಡವಿ ಗಾಡಿ ಹತ್ತಿದ.